ಲಿಬಿಯಾದಲ್ಲಿ ಹುಟ್ಟಿದ ಗಾಯಕರು: ಕೇಳಲು ಶುರು ಮಾಡುವುದು ಯಾರಿಂದ?

1996ರಲ್ಲಿ ಈಜಿಪ್ಟಿನ ಅಮ್ರ್ ದಿಯಾಬ್ ಹಾಡಿದ ‘ನೂರ್ ಎಲ್ ಐನ್’ ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಎಷ್ಟೋ ಜನರ ಕಿವಿಗೆ ಬಿದ್ದಿರುವ ಹಾಡು. ದನಿ ಈಜಿಪ್ಟಿನವರದು ನಿಜ. ಆದರೆ ಅದರ ರಾಗ ಕಟ್ಟಿದವರು ಲಿಬಿಯಾದ ನಾಸೆರ್ ಅಲ್ ಮಿಜ್ದಾವಿ, ವಾದ್ಯಸಂಯೋಜನೆ ಮಾಡಿದವರು ಅದೇ ದೇಶದ ಬೆಂಗಾಜಿ ನಗರದಲ್ಲಿ ಹುಟ್ಟಿದ ಹಮೀದ್ ಅಲ್ ಶಾಯಿರಿ. ಇಬ್ಬರೂ ಮೂಲತಃ ಗಾಯಕರು. ಲಿಬಿಯಾದಲ್ಲಿ ಹುಟ್ಟಿದ ಗಾಯಕರಲ್ಲಿ ಯಾರನ್ನು ಮೊದಲು ಕೇಳಬೇಕು ಎಂಬ ಪ್ರಶ್ನೆ ತೊಡಕಾಗುವುದು ಇದಕ್ಕೇ. ಇವರಲ್ಲಿ ಅನೇಕರ ಅತಿ ದೊಡ್ಡ ಕೆಲಸ ಇನ್ನೊಬ್ಬರ ಗಂಟಲಲ್ಲಿ ಉಳಿದಿದೆ. ಬರೀ ಹೆಸರಿನ ಪಟ್ಟಿ ಹಿಡಿದು ಹೊರಟರೆ ಅರ್ಧ ಮಾತ್ರ ಸಿಗುತ್ತದೆ.

ಆರಿಸುವ ಮೊದಲು ನಾಲ್ಕು ಸಂಗತಿ ನೋಡಿಕೊಳ್ಳಿ. ಮೊದಲನೆಯದು, ಆ ಗಾಯಕ ಬೆಳೆದದ್ದು ಎಲ್ಲಿ. ‘ಲಿಬಿಯಾದಲ್ಲಿ ಜನನ’ ಎಂಬ ಒಂದೇ ಸಾಲಿನ ಕೆಳಗೆ ಮೂರು ಬಗೆಯ ಬದುಕುಗಳಿವೆ: ಊರಲ್ಲೇ ಉಳಿದವರು, ಯೌವನದಲ್ಲಿ ಕೈರೋಗೋ ಯುರೋಪಿಗೋ ಹೋದವರು, ಇಟಲಿಯ ವಸಾಹತಿನ ಕಾಲಕ್ಕೆ ಅಲ್ಲಿ ಹುಟ್ಟಿ ಇಟಲಿಯವರಾಗಿಯೇ ಹಾಡಿದವರು. ಮೂರನೆಯ ಗುಂಪಿನವರಲ್ಲಿ ಲಿಬಿಯಾದ ಸಂಗೀತ ಹುಡುಕಿದರೆ ನಿರಾಶೆ ಖಂಡಿತ. ಎರಡನೆಯದು, ನಿಮಗೆ ಬೇಕಿರುವುದು ದನಿಯೋ, ಆ ದನಿಯ ಹಿಂದಿನ ರಚನೆಯೋ. ಮೂರನೆಯದು, ಶುದ್ಧ ಧ್ವನಿಮುದ್ರಣ ಸಿಗುತ್ತದೆಯೇ. ಲಿಬಿಯಾದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಒಳ್ಳೆಯ ಗಾಯಕನೂ ಮೂರನೇ ಪ್ರತಿಯ ಕ್ಯಾಸೆಟ್ಟಿನಲ್ಲಿ ಮಂಕಾಗಿ ಕೇಳಿಸುತ್ತಾನೆ, ತಪ್ಪು ಗಾಯಕನದೆಂದು ನಮಗೆ ಅನ್ನಿಸಿಬಿಡುತ್ತದೆ. ನಾಲ್ಕನೆಯದು ನಿಮ್ಮ ಕಿವಿಯ ಅಭ್ಯಾಸ: ನಾಲ್ಕು ನಿಮಿಷದ ಪಾಪ್ ಹಾಡೋ, ನಿಧಾನವಾಗಿ ಬಿಚ್ಚಿಕೊಳ್ಳುವ ದೀರ್ಘ ಗಾಯನವೋ. ಖರ್ಚಿನ ಮಾತು ಕೊನೆಗಿರಲಿ, ಏಕೆಂದರೆ ಕೇಳುವುದಕ್ಕಷ್ಟೇ ಆದರೆ ಇವರಲ್ಲಿ ಹೆಚ್ಚಿನವರಿಗೆ ದುಡ್ಡೇ ಬೇಕಿಲ್ಲ.

ಹೆಚ್ಚಿನವರಿಗೆ ಒಪ್ಪುವ ಬಾಗಿಲು ಹಮೀದ್ ಅಲ್ ಶಾಯಿರಿ. ಹುಟ್ಟಿದ್ದು 1961ರಲ್ಲಿ ಬೆಂಗಾಜಿಯಲ್ಲಿ. ತಂದೆ ಲಿಬಿಯಾದವರು, ತಾಯಿ ಈಜಿಪ್ಟಿನವರು. 1980ರ ದಶಕದ ಮೊದಲಿಗೆ ಕೈರೋ ಸೇರಿದರು. 1983ರಲ್ಲಿ ‘ಅಯೂನ್ಹಾ’, ಮರುವರ್ಷ ‘ರಹೀಲ್’ ಕ್ಯಾಸೆಟ್ಟುಗಳು ಬಂದವು. ಆ ಹೊತ್ತಿಗೆ ಕೈರೋದ ದೊಡ್ಡ ಸಂಗೀತವೆಂದರೆ ದೊಡ್ಡ ತಂತಿವಾದ್ಯ ಮೇಳ, ಗಂಟೆಗಟ್ಟಲೆ ನಡೆಯುವ ಗಾಯನ. ಹಮೀದ್ ಅದನ್ನೆಲ್ಲ ಪಕ್ಕಕ್ಕಿಟ್ಟು ಸಿಂಥಸೈಸರ್, ಡ್ರಮ್ ಮಷೀನ್, ಚಪ್ಪಾಳೆ, ಚಿಕ್ಕ ಪಲ್ಲವಿ ಹಿಡಿದುಕೊಂಡರು. ‘ಅಲ್ ಜೀಲ್’, ಅಂದರೆ ಹೊಸ ತಲೆಮಾರಿನ ಸಂಗೀತ ಎಂದು ಹೆಸರಾದ ಶೈಲಿಗೆ ಆಕಾರ ಕೊಟ್ಟವರಲ್ಲಿ ಇವರು ಮುಖ್ಯರು. 1988ರಲ್ಲಿ ಅಲಿ ಹಮೀದಾ ಹಾಡಿದ ‘ಲೋಲಾಕಿ’ಯ ವಾದ್ಯಸಂಯೋಜನೆ ಇವರದೇ. ಆ ಹಾಡು ಅರಬ್ ಜಗತ್ತಿನಲ್ಲಿ ಎಷ್ಟು ಓಡಿತೆಂದರೆ ಮುಂದಿನ ಹತ್ತು ವರ್ಷದ ಕೈರೋ ಪಾಪ್‌ಗೆ ಅದೇ ಅಚ್ಚಾಯಿತು.

ಇವರ ಹಾಡುಗಳಲ್ಲಿ ತಾಳ ಹಿಡಿಯುವುದು ಸುಲಭ. ‘ಮಕ್ಸೂಮ್’ ಎಂಬ ಎಂಟು ಎಣಿಕೆಯ ಅರಬ್ಬಿ ತಾಳವಿದೆ: ದುಮ್, ತಕ್, ಬಿಡುವು, ತಕ್, ದುಮ್, ಬಿಡುವು, ತಕ್, ಬಿಡುವು. ಮೊದಲ ಮತ್ತು ಐದನೆಯ ಎಣಿಕೆಗೆ ಗಟ್ಟಿ ಪೆಟ್ಟು. ತೊಡೆಯ ಮೇಲೆ ತಟ್ಟಿಕೊಂಡು ಒಮ್ಮೆ ಕೂತರೆ ಸಾಕು, ಅಲ್ ಜೀಲ್ ಹಾಡುಗಳಲ್ಲಿ ಡ್ರಮ್ ಮಷೀನು ಎಲ್ಲಿ ಹಳೆಯ ದರ್ಬುಕ್ಕಾ ಎಂಬ ಕೈಯಲ್ಲಿ ಬಾರಿಸುವ ಚರ್ಮವಾದ್ಯದ ಜಾಗ ಹಿಡಿದಿದೆ ಎಂಬುದು ಗೊತ್ತಾಗುತ್ತದೆ.

ಹಮೀದರ ಕಂಠ ಮಾತ್ರ ದೊಡ್ಡದಲ್ಲ. ತೆಳು, ಮೃದು, ತುಸು ಸಂಕೋಚದ ದನಿ. ದೀರ್ಘ ಆಲಾಪ ಬಯಸುವವರಿಗೆ ಇದು ಸಪ್ಪೆ ಎನಿಸಬಹುದು. ಈಜಿಪ್ಟಿನ ಸಂಗೀತಗಾರರ ಸಂಘ ಇವರ ಹಾಡಿಕೆಗೆ ಕೆಲವು ವರ್ಷ ನಿಷೇಧ ಹೇರಿತ್ತು. ಆ ಅವಧಿಯಲ್ಲಿ ಅವರು ಸುಮ್ಮನೆ ಕೂರದೆ ಬೇರೆಯವರ ಹಾಡು ಕಟ್ಟಿದರು. ಆದ್ದರಿಂದ ಇವರನ್ನು ಪೂರ್ತಿ ಕೇಳಬೇಕೆಂದರೆ ಕ್ಯಾಸೆಟ್ ಹೊದಿಕೆಯಲ್ಲಿ ‘ವಾದ್ಯಸಂಯೋಜನೆ’ ಎಂಬ ಸಾಲಿನಲ್ಲಿ ಇವರ ಹೆಸರಿರುವ ಹಾಡುಗಳನ್ನೂ ಹುಡುಕಬೇಕು. 1990ರ ದಶಕದಲ್ಲಿ ಹಿಶಾಮ್ ಅಬ್ಬಾಸ್ ಜೊತೆ ಹಾಡಿದ ‘ಐನಿ’ ಅವರ ದನಿ, ವಾದ್ಯಸಂಯೋಜನೆ ಎರಡೂ ಒಟ್ಟಿಗೆ ಸಿಗುವ ಹಾಡು. (ಈ ಹಿಶಾಮ್ ಅಬ್ಬಾಸ್ ಮುಂದೆ ನಮ್ಮ ಬಾಂಬೆ ಜಯಶ್ರೀ ಜೊತೆ ‘ನಾರಿ ನಾರೇನ್’ ಹಾಡಿದವರೇ. ಕರ್ನಾಟಕ ಸಂಗೀತದ ಕೇಳುಗರಿಗೆ ಅಲ್ಲಿಂದ ಹಿಂದಕ್ಕೆ ನಡೆದು ಬರುವ ದಾರಿಯೂ ಉಂಟು.) ಮುದ್ರಣದ ಗುಣಮಟ್ಟ ಮುಖ್ಯವೆನ್ನುವವರಿಗೆ ಬರ್ಲಿನ್ನಿನ ಹಬೀಬಿ ಫಂಕ್ ಎಂಬ ಧ್ವನಿಮುದ್ರಣ ಸಂಸ್ಥೆ 2022ರಲ್ಲಿ ತಂದ ‘ದಿ ಸ್ಲ್ಯಾಮ್ ಇಯರ್ಸ್’ ಸಂಕಲನವಿದೆ. 1983ರಿಂದ 1988ರವರೆಗಿನ ಹಾಡುಗಳು, ಶುಚಿಯಾಗಿ ಮರುಸಂಸ್ಕರಿಸಿದವು. ಅದರಲ್ಲಿ ‘ಅಯೂನ್ಹಾ’ ಮತ್ತು ‘ರೀತ್’ ಕೇಳಿ. ಇಷ್ಟವಾಗದಿದ್ದರೆ ಹಮೀದ್ ನಿಮ್ಮವರಲ್ಲ. ಮುಂದಕ್ಕೆ ಹೋಗಿ, ಹಠ ಬೇಡ.

ನಾಸೆರ್ ಅಲ್ ಮಿಜ್ದಾವಿ ವಯಸ್ಸಿನಲ್ಲೂ ಪ್ರಭಾವದಲ್ಲೂ ಹಮೀದರಿಗಿಂತ ಹಿರಿಯರು. ಗಿಟಾರ್ ಹಿಡಿದು ಲಿಬಿಯಾದ ಆಡುಮಾತಿನಲ್ಲಿ ಪಾಪ್ ಕಟ್ಟಿದ ಮೊದಲಿಗರ ಸಾಲಿನವರು. ಹಮೀದ್ ಕೈರೋಗೆ ಒಯ್ದದ್ದರಲ್ಲಿ ಮಿಜ್ದಾವಿಯ ಪಾಲು ದೊಡ್ಡದು. ಹಾಗಾದರೆ ಇವರಿಂದಲೇ ಶುರು ಮಾಡಬಾರದೇಕೆ? ಅಡ್ಡಿ ಮುದ್ರಣದ್ದು. ಹಳೆಯ ಹಾಡುಗಳು ಹೆಚ್ಚಾಗಿ ಯೂಟ್ಯೂಬಿನಲ್ಲಿ ಯಾರೋ ಕ್ಯಾಸೆಟ್ಟಿನಿಂದ ಏರಿಸಿದ ರೂಪದಲ್ಲಿ ಸಿಗುತ್ತವೆ. ವರ್ಷ ತಪ್ಪು, ಶೀರ್ಷಿಕೆ ತಪ್ಪು, ಒಂದೊಂದು ಸಲ ಹಾಡಿದವರೇ ಬೇರೆ. ರಚನೆಯ ಕಡೆ ಮನಸ್ಸಿರುವವರು, ಸ್ವತಃ ಹಾಡು ಕಟ್ಟುವವರು, ಈ ಕಷ್ಟ ಸಹಿಸಿಕೊಂಡಾದರೂ ಮಿಜ್ದಾವಿಯನ್ನು ಮೊದಲು ಹಿಡಿಯಲಿ. ‘ನೂರ್ ಎಲ್ ಐನ್’ ಕೇಳಿ, ಹಿಂದೆಯೇ ಮಿಜ್ದಾವಿಯದೇ ದನಿಯ ಎರಡು ಹಾಡು ಕೇಳಿದರೆ ರಾಗದ ಕೈಬರಹ ಒಂದೇ ಎಂದು ತಿಳಿಯುತ್ತದೆ. ಮೊದಲ ಹಾಡಿನಲ್ಲಿ ಕಿವಿ ತುಂಬುವ ಅಕಾರ್ಡಿಯನ್, ಸ್ಪ್ಯಾನಿಷ್ ಗಿಟಾರ್ ಮೆರುಗು ಹಮೀದರದು. ಅದನ್ನು ಕಳೆದರೆ ಉಳಿಯುವುದು ಮಿಜ್ದಾವಿ.

ಅಹ್ಮದ್ ಫಕ್ರೂನ್ ಬೇರೆ ದಾರಿಯವರು. 1953ರಲ್ಲಿ ಬೆಂಗಾಜಿಯಲ್ಲಿ ಹುಟ್ಟಿದ ಇವರು ಕೈರೋದ ಕಡೆ ತಿರುಗದೆ ಯುರೋಪಿನ ಕಡೆ ನಡೆದರು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣ, 1983ರಲ್ಲಿ ಪ್ಯಾರಿಸ್ಸಿನ ಸೆಲ್ಯುಲಾಯ್ಡ್ ಸಂಸ್ಥೆಯಿಂದ ‘ಮೋ ದಾಮೂರ್’ ಆಲ್ಬಂ. ಅದರಲ್ಲಿನ ‘ಸೊಲೇ ಸೊಲೇ’ಗೆ ವಿಡಿಯೊ ಮಾಡಿದವರು ಹೆಸರಾಂತ ಛಾಯಾಗ್ರಾಹಕ ಜಾನ್ ಬ್ಯಾಪ್ಟಿಸ್ಟ್ ಮೊಂದಿನೋ. ಉದ್ದ ಕತ್ತಿನ ತಂತಿವಾದ್ಯ ಸಾಜ್, ಗಿಡ್ಡ ಕತ್ತಿನ ಊದ್, ಜೊತೆಗೆ ಆ ಕಾಲದ ಸಿಂಥ್ ಮತ್ತು ಫಂಕ್ ಬೇಸ್. ‘ವರ್ಲ್ಡ್ ಮ್ಯೂಸಿಕ್’ ಎಂಬ ಕಪಾಟು ಅಂಗಡಿಗಳಲ್ಲಿ ಬರುವ ಮೊದಲೇ ಈ ಕೂಡಿಕೆ ಮಾಡಿದ್ದಕ್ಕೆ ಫಕ್ರೂನರಿಗೆ ಸಿಗಬೇಕಾದ ಹೆಸರು ಆಗ ಸಿಗಲಿಲ್ಲ. ಬಹಳ ವರ್ಷದ ಮೇಲೆ ಯುರೋಪಿನ ಡಿಜೆಗಳು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕುಣಿಸಿದಾಗ ಹೆಸರು ಮರಳಿತು.

ಒಂದೇ ಒಂದು ಆಲ್ಬಂ ಕೊಳ್ಳುವಷ್ಟು ದುಡ್ಡು, ಒಂದೇ ಸಂಜೆಯಷ್ಟು ಹೊತ್ತು ಇದ್ದವರಿಗೆ ಫಕ್ರೂನರೇ ಸರಿ. ಹಮೀದರ ಕೆಲಸ ನೂರಾರು ಕಡೆ ಚದುರಿದೆ. ಇವರದು ಒಂದು ತಟ್ಟೆಯಲ್ಲಿ ಬಹುಪಾಲು ಕೂಡಿದೆ. ‘ನಿಸ್ಯಾನ್’ ಮತ್ತು ‘ಸೊಲೇ ಸೊಲೇ’ ಎರಡರಲ್ಲೇ ಮನಸ್ಸು ತೀರ್ಮಾನವಾಗಿಬಿಡುತ್ತದೆ. ಇವರಲ್ಲಿ ಸಿಗದಿರುವುದು ಲಿಬಿಯಾದ ಮದುವೆಮನೆಯ, ಮರುಭೂಮಿಯ ಸದ್ದು. ಸ್ಟುಡಿಯೋದ ಹೊಳಪು ಹೆಚ್ಚು, ಮಣ್ಣು ಕಡಿಮೆ. ಇನ್ನೊಂದು ಎಚ್ಚರಿಕೆ: ಡಿಜೆಗಳು ಹಿಗ್ಗಿಸಿ ಮಾಡಿದ ರೂಪಗಳು ಮೂಲ ಹಾಡಿನ ಹೆಸರಲ್ಲೇ ಓಡಾಡುತ್ತಿವೆ. ಹಾಡು ಎಂಟು ನಿಮಿಷ ದಾಟಿದ್ದರೆ, ದನಿ ಬರುವ ಮೊದಲು ಒಂದೂವರೆ ನಿಮಿಷ ಬರೀ ತಾಳವಿದ್ದರೆ, ಅದು ಮೂಲವಲ್ಲ ಎಂದುಕೊಳ್ಳಿ.

ಲಿಬಿಯಾವೇ ಬೇಕು, ಬೇರೆಡೆಯ ಹೊಳಪು ಬೇಡ ಎನ್ನುವವರಿಗೆ ಮೊಹಮ್ಮದ್ ಹಸನ್. 1944ರಲ್ಲಿ ಕಡಲತೀರದ ಅಲ್ ಖುಮ್ಸ್‌ನಲ್ಲಿ ಹುಟ್ಟಿ 2017ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಾಡಿನ ಒಳಗೆ ಇವರಷ್ಟು ಹೆಸರು ಮಾಡಿದ ಗಾಯಕ ಇನ್ನೊಬ್ಬರಿಲ್ಲ ಎಂದರೆ ತಪ್ಪಾಗದು. ಮರುಭೂಮಿಯ ಅಲೆಮಾರಿಗಳಾದ ಬೆದೂಯಿನ್ನರ ಕಾವ್ಯದ ನುಡಿಗಟ್ಟು, ಹಿಮ್ಮೇಳದವರೊಡನೆ ಸವಾಲು ಜವಾಬಿನಂತೆ ಸಾಗುವ ಹಾಡಿಕೆ, ಗುಡಾರದ ಹಾಸಿನ ಮೇಲೆ ಕೂತಂಥ ರಂಗಸಜ್ಜು. ‘ಲೇಶ್ ಬತಾ ಮರ್ಸಾಲಕ್’ ಇವರ ಹಾಡುಗಳಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿರುವುದು. ದನಿ ಗಟ್ಟಿ, ಅಗಲ, ಮೇಲಿನ ಸ್ಥಾಯಿಗೆ ಏರುವಾಗಲೂ ಅವಸರವಿಲ್ಲ.

ಇವರನ್ನು ಆರಿಸಿದರೆ ಎರಡು ಭಾರ ಹೊರಬೇಕು. ಒಂದು ಭಾಷೆಯದು. ಈಜಿಪ್ಟಿನ ಅರಬ್ಬಿ ಸಿನಿಮಾದ ದೆಸೆಯಿಂದ ಎಲ್ಲ ಕಡೆಯೂ ಅರ್ಥವಾಗುತ್ತದೆ, ಅನುವಾದವೂ ಸಿಗುತ್ತದೆ. ಲಿಬಿಯಾದ ಆಡುಮಾತಿಗೆ ಆ ಅನುಕೂಲವಿಲ್ಲ. ಇನ್ನೊಂದು ರಾಜಕೀಯದ್ದು. 2011ರವರೆಗೆ ಲಿಬಿಯಾವನ್ನು ಆಳಿದ ಗದ್ದಾಫಿಯನ್ನು ಹೊಗಳುವ ಹಾಡುಗಳನ್ನು ಇವರು ಹಾಡಿದ್ದಾರೆ, ಅವನು ಉರುಳಿದ ನಂತರ ಆ ನೆನಪು ಅನೇಕ ಲಿಬಿಯನ್ನರಿಗೆ ಕಹಿ. ಸಾರ್ವಜನಿಕ ಕಾರ್ಯಕ್ರಮಕ್ಕೋ ರೇಡಿಯೊಗೋ ಹಾಡು ಆರಿಸುವವರು ಪ್ರೇಮಗೀತೆಗಳನ್ನೇ ಆರಿಸಿ, ಅರ್ಥ ಬಲ್ಲವರ ಕೈಲಿ ಒಮ್ಮೆ ಕೇಳಿಸಿಕೊಂಡು ಮುಂದುವರಿಯುವುದು ಒಳ್ಳೆಯದು. ಆ ಆಳ್ವಿಕೆ ಸಂಗೀತಗಾರರನ್ನು ಬೆಳೆಸಿತು, ಹೆದರಿಸಿತು ಕೂಡ. 1980ರ ದಶಕದ ನಡುವೆ ಪಾಶ್ಚಾತ್ಯ ವಾದ್ಯಗಳನ್ನು ಬಹಿರಂಗವಾಗಿ ಸುಟ್ಟದ್ದೂ ಅದೇ ಆಳ್ವಿಕೆಯಲ್ಲಿ. ಗಿಟಾರ್ ಹಿಡಿದವರು ಊರಲ್ಲೇ ಉಳಿದು ಬೆಳೆಯುವುದು ಎಷ್ಟು ಕಷ್ಟವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಊರಲ್ಲೇ ಉಳಿದವರಲ್ಲಿ ಹಸನ್ ಅರೈಬಿ ಅವರದು ಬೇರೆಯೇ ಲೋಕ. ರಾಜಧಾನಿ ಟ್ರಿಪೋಲಿಯ ಮಲೂಫ್ ಪರಂಪರೆಗೆ 1964ರಲ್ಲಿ ಮೇಳ ಕಟ್ಟಿ, 2009ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ನಡೆಸಿದರು. ಮಲೂಫ್ ಎಂದರೆ ಆಂದಲೂಸಿಯಾದಿಂದ ಉತ್ತರ ಆಫ್ರಿಕಕ್ಕೆ ಬಂದು, ಟ್ರಿಪೋಲಿಯಲ್ಲಿ ಈಸಾವಿಯಾ ಪಂಥದ ಸೂಫಿಗಳ ಜಾವಿಯಾಗಳಲ್ಲಿ, ಅಂದರೆ ಮಠಗಳಲ್ಲಿ, ಉಳಿದ ಗಾಯನ. ಅದರ ಘಟಕ ‘ನೌಬಾ’: ಒಂದೇ ಮಖಾಮಿನಲ್ಲಿ, ಅಂದರೆ ಒಂದೇ ಅರಬ್ಬಿ ರಾಗದಲ್ಲಿ, ನಿಧಾನ ಭಾಗದಿಂದ ಹೊರಟು ಹಂತಹಂತವಾಗಿ ವೇಗಕ್ಕೆ ಏರುವ ಮಾಲಿಕೆ. ಹಿಂದೂಸ್ತಾನಿಯಲ್ಲಿ ವಿಲಂಬಿತದಿಂದ ದ್ರುತಕ್ಕೆ ಸಾಗುವುದನ್ನು ಕೂತು ಕೇಳಿ ಅಭ್ಯಾಸವಿರುವವರಿಗೆ ಇದು ಪಾಪ್‌ಗಿಂತ ಬೇಗ ಒಗ್ಗುತ್ತದೆ. ತುಂಡು ತುಂಡಾಗಿ ಕೇಳಬೇಡಿ. ಐದು ನಿಮಿಷದ ತುಣುಕಿನಲ್ಲಿ ನೌಬಾ ನಿಂತ ನೀರಿನ ಹಾಗೆ ಕಾಣುತ್ತದೆ, ಅದರ ಗುಣ ಇರುವುದೇ ಚಲನೆಯಲ್ಲಿ. ಒಬ್ಬ ಗಾಯಕನ ಕಂಠಕ್ಕಾಗಿ ಹುಡುಕುತ್ತಿದ್ದರೆ ಇಲ್ಲಿಗೆ ಬರಬೇಡಿ, ಇದು ಸಮೂಹದ ಹಾಡಿಕೆ.

ಕಾರಿನಲ್ಲಿ ಹಾಕಿಕೊಳ್ಳಲು, ಮನೆಗೆ ಬಂದವರ ನಡುವೆ ಕೇಳಿಸಲು ಏನಾದರೂ ಬೇಕು ಎನ್ನುವವರಿಗೆ ಟ್ರಿಪೋಲಿಯ ರೆಗ್ಗೆ ಮತ್ತು ಡಿಸ್ಕೋ. ಇಬ್ರಾಹಿಂ ಹೆಸ್ನಾವಿ ಲಿಬಿಯಾದ ರೆಗ್ಗೆಯ ಹಿರಿಯ. ಜಮೈಕಾದ ಈ ಸಂಗೀತ ಅಲ್ಲಿ ಬೇರೂರಲು ಕಾರಣ ಸರಳ: ಊರಿನ ಜನಪದ ತಾಳದ ನಡೆಯೂ ರೆಗ್ಗೆಯ ಎಳೆದ, ಎದುರುಪೆಟ್ಟಿನ ನಡೆಯೂ ಹತ್ತಿರ ಹತ್ತಿರ. ನಜೀಬ್ ಅಲ್ ಹೂಶ್ ಅವರ ಫ್ರೀ ಮ್ಯೂಸಿಕ್ ತಂಡದ್ದು ಡಿಸ್ಕೋ, ಫಂಕ್. ಬೀ ಜೀಸ್‌ನ ‘ಸ್ಟೇಯಿಂಗ್ ಅಲೈವ್’ ಎತ್ತಿಕೊಂಡು ‘ಯಾ ಐನ್ ದಾಲಿ’ ಎಂಬ ಅರಬ್ಬಿ ಹಾಡು ಮಾಡಿದವರು ಇವರೇ. ಇಬ್ಬರದೂ ಹಬೀಬಿ ಫಂಕ್ ಮೂಲಕ 2023ರಲ್ಲಿ ಮತ್ತೆ ಬಂತು. ಇವರಲ್ಲಿ ಆಳ ಹುಡುಕುವುದಕ್ಕಿಂತ ಕಾಲು ಕುಣಿಸುವುದು ವಾಸಿ, ಅದು ದೂರಲ್ಲ.

ಸ್ಪರ್ಧೆಯ ವೇದಿಕೆಯಿಂದ ಬಂದವರಲ್ಲಿ ಟ್ರಿಪೋಲಿಯ ಐಮನ್ ಅಲ್ ಆತರ್ ಹೆಸರಾದವರು. 2004ರಲ್ಲಿ ಬೈರೂತಿನ ಫ್ಯೂಚರ್ ಟೀವಿಯ ‘ಸೂಪರ್ ಸ್ಟಾರ್’ ಎರಡನೇ ಸರಣಿ ಗೆದ್ದರು. ಕಂಠ ತಯಾರಾದದ್ದು, ಕೇಳುಗರನ್ನು ಮೈಮರೆಸುವ ಹಳೆಯ ‘ತರಬ್’ ಶೈಲಿಯ ಹಾಡುಗಳಿಗೆ ಒಪ್ಪುವಂಥದ್ದು. ಸ್ಪರ್ಧೆಯಲ್ಲಿ ಹಾಡಿದ ಹಳೆಯ ಹಾಡುಗಳ ವಿಡಿಯೊಗಳೇ ಮುಂದಿನ ಬಿಡುಗಡೆಗಳಿಗಿಂತ ಕೇಳಲು ಚೆನ್ನ.

ಹೆಂಗಸರ ಹೆಸರು ಇಲ್ಲಿ ಬರಲಿಲ್ಲವೆಂದು ಅನಿಸಿದ್ದರೆ ಅದಕ್ಕೂ ಕಾರಣವಿದೆ. ಟ್ರಿಪೋಲಿಯ ಮದುವೆಗಳಲ್ಲಿ ಹೆಂಗಸರ ಕೂಟಕ್ಕೆ ಹಾಡುವ ‘ಜಮ್ಜಾಮಾತ್’ ತಂಡಗಳು ಬಲವಾದ ಪರಂಪರೆಯವು. ಆದರೆ ಆ ಹಾಡು ಮನೆಯೊಳಗಿನದು, ಮಾರುಕಟ್ಟೆಯ ತಟ್ಟೆಗೆ ಬಂದದ್ದು ಕಡಿಮೆ.

ಇನ್ನು ಇಟಲಿಯ ಕಡೆಯವರು. ಲಿಬಿಯಾ 1911ರಿಂದ ಎರಡನೇ ಮಹಾಯುದ್ಧದವರೆಗೆ ಇಟಲಿಯ ಹಿಡಿತದಲ್ಲಿತ್ತು. 1938ರಲ್ಲಿ ಟ್ರಿಪೋಲಿಯಲ್ಲಿ ಹುಟ್ಟಿದ ಫ್ರಾಂಕೊ ಕಲಿಫಾನೊ ರೋಮಿನವರೆಂದೇ ಎಲ್ಲರಿಗೂ ಗೊತ್ತು. ತಾಯಿ ಹೊರಟಿದ್ದ ವಿಮಾನ ಅನಿವಾರ್ಯವಾಗಿ ಅಲ್ಲಿ ಇಳಿದದ್ದರಿಂದ ಹುಟ್ಟೂರು ಟ್ರಿಪೋಲಿಯಾಯಿತು ಎಂಬುದು ಇಟಲಿಯಲ್ಲಿ ಪ್ರಚಲಿತವಾದ ಮಾತು. ಒರಟು, ಅರ್ಧ ಮಾತಿನಂಥ ದನಿ. ‘ತುತ್ತೊ ಇಲ್ ರೆಸ್ತೊ ಎ ನೋಯಾ’ ಇವರದೇ ಗಂಟಲಿನ ಗುರುತು. ಆದರೂ ಇವರ ತೂಕ ಇರುವುದು ಸಾಹಿತ್ಯದಲ್ಲಿ: 1973ರಲ್ಲಿ ಇಟಲಿಯ ಗಾಯಕಿ ಮಿಯಾ ಮಾರ್ಟಿನಿ ಹಾಡಿದ ‘ಮಿನುವೆತ್ತೊ’ದ ಮಾತುಗಳು ಕಲಿಫಾನೊರದು. 1990ರಲ್ಲಿ ಇಟಲಿಯ ಹೆಸರಾಂತ ಹಾಡಿನ ಸ್ಪರ್ಧೆ ಸಾನ್ ರೆಮೊದಲ್ಲಿ ಅದೇ ಮಾರ್ಟಿನಿ ಹಾಡಿದ ‘ಲಾ ನೆವಿಕಾತಾ’ದ ಸಾಹಿತ್ಯದಲ್ಲೂ ಇವರ ಕೈಯಿದೆ. 2005ರಲ್ಲಿ ತಾವೇ ಸಾನ್ ರೆಮೊದಲ್ಲಿ ಹಾಡಿದ ಹಾಡಿನ ಹೆಸರಿಗೆ ‘ಮರಳಿ ಬರಲಾರೆ ಎನ್ನಲಾರೆ’ ಎಂಬ ಅರ್ಥ. 2013ರಲ್ಲಿ ತೀರಿಕೊಂಡಾಗ ಸಮಾಧಿಯ ಮೇಲೆ ಅದನ್ನೇ ಕೆತ್ತಿಸಿದರು.

ಹರ್ಬರ್ಟ್ ಪಗಾನಿ 1944ರಲ್ಲಿ ಟ್ರಿಪೋಲಿಯ ಯಹೂದಿ ಕುಟುಂಬದಲ್ಲಿ ಹುಟ್ಟಿ, ಇಟಾಲಿಯನ್ ಮತ್ತು ಫ್ರೆಂಚ್ ಎರಡರಲ್ಲೂ ಹಾಡಿ, 1988ರಲ್ಲಿ ತೀರಿಕೊಂಡರು. ಚಿತ್ರಕಾರರೂ ಹೌದು. ‘ಚಿನ್ ಚಿನ್ ಕೊನ್ ಲ್ಯಿ ಒಕ್ಯಾಲಿ’ಯಂಥ ಹಗುರ ಹಾಡಿನಿಂದ ಹೊರಟು 1972ರಲ್ಲಿ ‘ಮೆಗಾಲೊಪೊಲಿಸ್’ ಎಂಬ, ಬರಲಿರುವ ಕಾಲದ ಯುರೋಪಿನ ಕಥೆ ಹೇಳುವ ಫ್ರೆಂಚ್ ಜೋಡಿ ತಟ್ಟೆಗೆ ಮುಟ್ಟಿದ್ದು ಸಣ್ಣ ಜಿಗಿತವಲ್ಲ. ಮಾರ್ಕೊ ಫೆರ್ರಾದಿನಿಗೆ ಹೆಸರು ತಂದ ‘ತೆಯೊರೆಮಾ’ದ ರಚನೆಯಲ್ಲೂ ಪಗಾನಿ ಇದ್ದಾರೆ. ಭಾಷೆ ಬಾರದವರಿಗೆ ಈ ಇಬ್ಬರೂ ಕಷ್ಟ. ರಾಗ ಸರಳ, ಹಾಡು ನಿಂತಿರುವುದು ಮಾತಿನ ಮೇಲೆ. ಇಟಾಲಿಯನ್ ಕಲಿಯುತ್ತಿರುವವರಿಗೆ ಮಾತ್ರ ಕಲಿಫಾನೊ ಒಳ್ಳೆಯ ಪಾಠ, ಉಚ್ಚಾರ ನಿಧಾನ, ಒಂದೊಂದು ಪದವೂ ಬಿಡಿಸಿ ಕೇಳಿಸುತ್ತದೆ.

ಹುಡುಕುವಾಗ ಮೊದಲು ಕಾಡುವುದು ಹೆಸರಿನ ಸ್ಪೆಲ್ಲಿಂಗ್. ಅರಬ್ಬಿಯ ‘ಅಲ್’ ಈಜಿಪ್ಟಿನ ಬಾಯಲ್ಲಿ ‘ಎಲ್’ ಆಗುತ್ತದೆ. ಹಮೀದ್‌ನಲ್ಲಿ ಒಂದು ‘ಐ’ ಇರಬಹುದು, ಎರಡು ‘ಇ’ ಇರಬಹುದು. ಶಾಯಿರಿಗೆ ಫ್ರೆಂಚರು ‘ಸಿ ಎಚ್’ ಹಾಕಿದರೆ ಇಂಗ್ಲಿಷಿನವರು ‘ಎಸ್ ಎಚ್’ ಹಾಕುತ್ತಾರೆ. ಮಿಜ್ದಾವಿಯ ಮೊದಲ ಸ್ವರವೂ ಹೀಗೆ ‘ಐ’, ‘ಇ’ ಎಂದು ಬದಲಾಗುತ್ತದೆ. ಅರಬ್ಬಿ ಲಿಪಿಯ ಹೆಸರನ್ನು ವಿಕಿಪೀಡಿಯದಿಂದ ನಕಲಿಸಿ ಹುಡುಕಿದರೆ ಈ ಗೋಜಲು ತಪ್ಪುತ್ತದೆ, ಲಿಬಿಯಾದವರೇ ಏರಿಸಿದ ಪ್ರತಿಗಳೂ ಎದುರಾಗುತ್ತವೆ. ಮೊಹಮ್ಮದ್ ಹಸನ್ ಎಂಬ ಹೆಸರಿಗೆ ಮಾತ್ರ ಸಾವಿರ ಜನ ಸಿಗುತ್ತಾರೆ, ಜೊತೆಗೆ ‘ಲಿಬಿಯಾ’ ಎಂದು ಸೇರಿಸಲೇಬೇಕು.

ಕ್ಯಾಸೆಟ್ಟಿನಿಂದ ಏರಿಸಿದ ಪ್ರತಿಗಳಲ್ಲಿ ಶ್ರುತಿ ನಂಬಬೇಡಿ. ಪ್ಲೇಯರ್ ಶೇ 6ರಷ್ಟು ವೇಗವಾಗಿ ಓಡಿದ್ದರೆ ಹಾಡು ಅರ್ಧ ಸ್ವರ ಮೇಲಿರುತ್ತದೆ, ಗಾಯಕನ ದನಿ ಎಳೆಯದಾಗುತ್ತದೆ. ಸಂಸ್ಥೆಯಿಂದ ಬಿಡುಗಡೆಯಾದ ಪ್ರತಿ ಸಿಕ್ಕರೆ ಎರಡರ ಅವಧಿ ಹೋಲಿಸಿ. ನಾಲ್ಕು ನಿಮಿಷದ ಹಾಡಿನಲ್ಲಿ ಹದಿಮೂರು ಹದಿನಾಲ್ಕು ಸೆಕೆಂಡ್ ಕಡಿಮೆಯಿದ್ದರೆ ಕಾರಣ ಇದೇ. ಆಡಾಸಿಟಿಯಂಥ ಪುಕ್ಕಟೆ ತಂತ್ರಾಂಶದಲ್ಲಿ ವೇಗವನ್ನು ಅಷ್ಟೇ ಇಳಿಸಿದರೆ ಸರಿಹೋಗುತ್ತದೆ. ಶ್ರುತಿ ಮಾತ್ರ ಬದಲಿಸುವ ಗುಂಡಿ ಒತ್ತಬೇಡಿ, ಅದರಿಂದ ತಾಳದ ಓಟ ತಪ್ಪಾಗಿಯೇ ಉಳಿಯುತ್ತದೆ. ಕಾಲು ಸ್ವರಗಳಿರುವ ಮಖಾಮಿನ ಹಾಡಿಗೆ ಹಾರ್ಮೋನಿಯಂ ಹಿಡಿದು ಶ್ರುತಿ ನೋಡಲು ಹೋದರೂ ದಾರಿ ತಪ್ಪುತ್ತದೆ. ವಾದ್ಯದ ಎರಡು ಮನೆಗಳ ನಡುವೆ ನಿಲ್ಲುವ ಸ್ವರ ಅಪಸ್ವರವಲ್ಲ.

ದುಡ್ಡು ಕೊಟ್ಟು ಕೊಳ್ಳುವವರಿಗೆ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ಜಾಲತಾಣದ ಡಿಜಿಟಲ್ ಪ್ರತಿ ಅತಿ ಅಗ್ಗ. ಹಬೀಬಿ ಫಂಕ್‌ನ ಬಿಡುಗಡೆಗಳು ಅಲ್ಲಿವೆ, ಮೊದಲು ಕೇಳಿ ನೋಡಬಹುದು, ಸಂಕುಚಿಸಿದರೂ ಗುಣಮಟ್ಟ ಕಳೆದುಕೊಳ್ಳದ ಫ್ಲ್ಯಾಕ್ ಕಡತ ಸಿಗುತ್ತದೆ. ಎಲ್‌ಪಿ ತರಿಸುವವರು ತಟ್ಟೆಯ ಬೆಲೆ ಒಂದನ್ನೇ ನೋಡಬಾರದು. ಸಾಗಣೆ, ಕಸ್ಟಮ್ಸ್, ತೆರಿಗೆ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಎಲ್ಲ ಸೇರಿ ಬೆಲೆ ಇಮ್ಮಡಿಯಾಗುವುದೂ ಉಂಟು. ಒಂದೊಂದೇ ತರಿಸುವುದಕ್ಕಿಂತ ಮೂರ್ನಾಲ್ಕು ಜನ ಸೇರಿ ತರಿಸಿದರೆ ಸಾಗಣೆ ಹಗುರವಾಗುತ್ತದೆ. ಫಕ್ರೂನರ 1983ರ ಮೂಲ ತಟ್ಟೆ ಬೇಕೆನ್ನುವವರು ಹಳೆಯ ತಟ್ಟೆಗಳನ್ನು ಕೊಂಡು ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ‘ವಿಜಿ ಪ್ಲಸ್’ಗಿಂತ (ವೆರಿ ಗುಡ್ ಪ್ಲಸ್) ಕೆಳಗಿನ ದರ್ಜೆಯದನ್ನು ಮುಟ್ಟಬೇಡಿ, ಆ ಮೆಲುವಾದ ಸಾಜ್ ತಂತಿಯ ಸದ್ದು ಗೀರುಗಳಲ್ಲಿ ಮೊದಲು ಮುಳುಗುತ್ತದೆ. ಕಳಿಸುವವರಿಗೆ ತಟ್ಟೆಯನ್ನು ಹೊದಿಕೆಯಿಂದ ಹೊರತೆಗೆದು, ಒಳಚೀಲದ ಸಮೇತ ಹೊದಿಕೆಯ ಹಿಂದೆ ಇಟ್ಟು ಕಟ್ಟಲು ಹೇಳಿ. ಹಾಗೆ ಮಾಡದಿದ್ದರೆ ದಾರಿಯಲ್ಲಿ ಕುಲುಕಿದ ತಟ್ಟೆ ಹೊದಿಕೆಯ ಅಂಚನ್ನು ಸೀಳಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತರಿಸಿದರೆ ಬಿಸಿಲಿಗೆ ನಿಂತ ವ್ಯಾನಿನಲ್ಲಿ ತಟ್ಟೆ ಡೊಂಕಾಗುವ ಅಪಾಯವಿದೆ, ಮಳೆ ಹಿಡಿದ ಮೇಲೆ ತರಿಸುವುದಾದರೆ ಪೊಟ್ಟಣದೊಳಗೆ ಒಂದು ಪ್ಲಾಸ್ಟಿಕ್ ಸುತ್ತು ಹಾಕಿಸಿ.